ಗೀಸರ್ ಲೈನ್ ನಾನೇ ಎಳೆದೆ, ವಿಮೆಯವರು ಬಿಲ್ ಕೇಳಿದರು

ಸಂಪಾದಕರಿಗೆ ನಮಸ್ಕಾರ.

ಸಿದ್ಧಗಂಗೆ ಜಾತ್ರೆ ಬಂತೆಂದರೆ ಕ್ಯಾತ್ಸಂದ್ರದ ನಮ್ಮ ಮನೆಗೆ ನೆಂಟರು ಜಾಸ್ತಿ. ಎಲ್ಲರಿಗೂ ಬಿಸಿನೀರು ಬೇಕಲ್ಲ ಅಂತ ಇನ್ನೊಂದು ಬಚ್ಚಲಿಗೂ ಗೀಸರ್ ತಂದೆ. ಎಲೆಕ್ಟ್ರಿಷಿಯನ್‌ನ ಕರೆದರೆ ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತಾರೆ, ನಿಮಗೂ ಗೊತ್ತಿರೋದೇ. ಪಕ್ಕದ ರೂಮಿನ ಲೈಟ್ ಬೋರ್ಡಿನಿಂದ ನಾನೇ ವೈರ್ ಎಳೆದೆ. 2,000 ವಾಟ್ ಗೀಸರ್ ಹೆಚ್ಚುಕಮ್ಮಿ 9 ಆಂಪ್ ಎಳೆಯುತ್ತದೆ, ನಾನು ಕೊಟ್ಟಿದ್ದು 6 ಆಂಪ್ ಸ್ವಿಚ್ಚು. ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚು ಪದೇಪದೇ ಟ್ರಿಪ್ ಆಗುತ್ತಿತ್ತು. ವೈರ್ ಸುಡದಿರಲಿ ಅಂತಲೇ ಅದು ಬೀಳುತ್ತಿದ್ದದ್ದು, ನಾನು ಕಾಟ ಅಂದುಕೊಂಡು ಅದನ್ನೇ ಕಿತ್ತು 32 ಆಂಪಿನದು ಹಾಕಿದೆ. ಆಮೇಲೆ ಟ್ರಿಪ್ ಆಗಲಿಲ್ಲ. ನಾಲ್ಕನೇ ದಿನ ಬೋರ್ಡು ಮೇಣದ ಹಾಗೆ ಕರಗಿ, ಕೆಳಗಿದ್ದ ಮರದ ಬೀರು, ಅದರೊಳಗಿದ್ದ ನನ್ನ ಹೆಂಡತಿಯ ಧಾರೆ ಸೀರೆ ಎಲ್ಲ ಸುಟ್ಟವು.

ಗೃಹಸಾಲದ ಜೊತೆ ಬ್ಯಾಂಕಿನವರು ವಿಮೆ ಮಾಡಿಸಿದ್ದರು. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು, "ವೈರಿಂಗ್ ಮಾಡಿದವರ ಬಿಲ್ ಕೊಡಿ" ಅಂದರು. ಎಲ್ಲಿಂದ ತರೋದು, ಮಾಡಿದವನು ನಾನೇ ಅಲ್ವಾ! ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಫೈಲ್ ಅಲ್ಲೇ ಕೂತಿದೆ.

ಆಮೇಲೆ ಓದಿ ತಿಳಿದದ್ದು ಇಷ್ಟು. 2021ರ ಏಪ್ರಿಲ್ 1ರಿಂದ ಮನೆ ವಿಮೆ ಮಾಡುವ ಕಂಪನಿಗಳೆಲ್ಲ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕು ಅಂತ ನಿಯಮ ಬಂತು. ಅದರಲ್ಲಿ ಬೆಂಕಿಗೆ ಪರಿಹಾರ ಇದೆ, ಆದರೆ ಶಾರ್ಟ್ ಸರ್ಕಿಟ್‌ನಿಂದ ಕೆಟ್ಟ ಆ ಗೀಸರಿಗೆ, ಆ ಬೋರ್ಡಿಗೆ ಇಲ್ಲ. ಇನ್ನು ವೈರಿಂಗ್ ವಿಷಯ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದ ಹಾಗೇ ಬದಲಾಯಿಸುವುದಕ್ಕೆ ಅಡ್ಡಿಯಿಲ್ಲ, ಹೊಸ ಲೈನ್ ಎಳೆಯಲು ಮಾತ್ರ ಲೈಸೆನ್ಸ್ ಇರುವ ಕಂಟ್ರಾಕ್ಟರೇ ಬೇಕು. ಇದು 1956ರ ವಿದ್ಯುತ್ ನಿಯಮದಲ್ಲೇ ಇತ್ತಂತೆ. ನಾನು ಹುಟ್ಟುವುದಕ್ಕೂ ಮೊದಲೇ!

ತಪ್ಪು ನನ್ನದೇ, ಅದಕ್ಕೆ ಜಗಳವಿಲ್ಲ. ಆದರೆ ಸಾಲದ ದಿನ ಇಪ್ಪತ್ತು ಕಡೆ ಸಹಿ ಹಾಕಿಸಿಕೊಂಡವರು ಇದನ್ನು ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಕೈಗೆ ಬಂದ ಪಾಲಿಸಿ ಪೂರ್ತಿ ಇಂಗ್ಲಿಷು, ಅಕ್ಷರ ಸಾಸಿವೆಯಷ್ಟು. ಬೀರು, ಬಟ್ಟೆಯ ದುಡ್ಡಿಗೆ ಕಂಪನಿಗೆ ಬರೆದಿದ್ದೇನೆ. 30 ದಿನದಲ್ಲಿ ಉತ್ತರ ಬರದಿದ್ದರೆ ವಿಮೆ ಗ್ರಾಹಕರ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡುತ್ತೇನೆ, ಅಲ್ಲಿ ಶುಲ್ಕ ಇಲ್ಲ. ಹೊಸ ಲೈನಿಗೆ ಈ ಸಲ ಕಂಟ್ರಾಕ್ಟರನ್ನೇ ಕರೆದಿದ್ದೇನೆ. ನಾಳೆ ಬರ್ತೀನಿ ಅಂದಿದ್ದಾರೆ.

– ಒಬ್ಬ ಓದುಗ, ಕ್ಯಾತ್ಸಂದ್ರ, ತುಮಕೂರು