ಎಫ್‌ಡಿಯಲ್ಲಿ ಮೊಮ್ಮಗನ ಹೆಸರು ಬೇಡ

ಪ್ರಿಯ ಗೆಳೆಯ,

ಇದು ಸ್ವಲ್ಪ ಅರ್ಜೆಂಟ್ ವಿಷಯ. ನಿನ್ನ ಅಮ್ಮ ನಿನ್ನ ಮಗನ ಹೆಸರಿನಲ್ಲಿ ಉಡುಪಿಯಲ್ಲಿ ಎಫ್‌ಡಿ ಮಾಡಿಸಲು ಹೊರಟಿದ್ದರು. ಸದ್ಯಕ್ಕೆ ಬೇಡ ಎಂದು ನಾನೇ ನಿಲ್ಲಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ಪೂರ್ತಿ ಓದು.

ಹುಡುಗನಿಗೆ ಹದಿನೆಂಟು ತುಂಬಿತು, ಅಂಗವಿಕಲರಿಗೆ ಅಮೆರಿಕ ಸರ್ಕಾರ ತಿಂಗಳಿಗೆ ಕೊಡುವ ಎಸ್‌ಎಸ್‌ಐ ಹಣ ಶುರುವಾಯಿತು ಎಂದು ನೀನೇ ಹೇಳಿದ್ದೆ. ಹದಿನೆಂಟಾದ ಮೇಲೆ ಅಪ್ಪ ಅಮ್ಮನ ಸಂಬಳ ನೋಡುವುದಿಲ್ಲ, ಅವನ ಹೆಸರಿನಲ್ಲಿ ಏನಿದೆ ಎಂದು ನೋಡುತ್ತಾರೆ. ಮಿತಿ 2,000 ಡಾಲರ್. 1989ರಿಂದ ಒಂದು ಡಾಲರೂ ಏರಿಲ್ಲ. ತಿಂಗಳ ಒಂದನೇ ತಾರೀಕಿಗೆ ಅದಕ್ಕಿಂತ ಜಾಸ್ತಿ ಇದ್ದರೆ ಆ ತಿಂಗಳ ಹಣ ಇಲ್ಲ. ಉಡುಪಿಯ ಬ್ಯಾಂಕಿನಲ್ಲಿದ್ದರೂ ಅದು ಅವನ ಆಸ್ತಿಯೇ, ಹೇಳದೆ ಇರುವ ಹಾಗಿಲ್ಲ. ಆ ಹಣಕ್ಕಿಂತ ನನಗೆ ಹೆದರಿಕೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್‌ನದ್ದು. ಹೆಚ್ಚಿನ ರಾಜ್ಯಗಳಲ್ಲಿ ಎಸ್‌ಎಸ್‌ಐ ಇದ್ದರೆ ಅದೂ ಜೊತೆಗೇ ಸಿಗುತ್ತದೆ. ಅವನ ಥೆರಪಿ, ಔಷಧಿ ಎಲ್ಲ ಅದರಿಂದಲೇ ಅಲ್ವಾ?

ಇದನ್ನು ಅಮ್ಮನಿಗೆ ಹೇಳುವುದು ಸುಲಭವಾಗಲಿಲ್ಲ ಮಾರಾಯ. ನಮ್ಮದು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಶುರುವಾದ ಊರು. ಅಮ್ಮನೂ ಶಂಕರಪುರದ ಹಿತ್ತಲಿನ ಮಲ್ಲಿಗೆಯಿಂದಲೇ ಪಿಗ್ಮಿ ಕಟ್ಟಿದವರು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆ ಲೆಕ್ಕದಲ್ಲಿ ಕೊಟ್ಟು ಬಂದ ದುಡ್ಡು. ರಸೀದಿಗಳೆಲ್ಲ ಬಿಸ್ಕತ್ತಿನ ಡಬ್ಬದಲ್ಲಿವೆ. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ‘ಮಾಣಿಗೆ’ ಎಂದು ಬರೆದಿದ್ದಾರೆ. "ಕೂಡಿಟ್ಟರೆ ತಪ್ಪಾ? ಇದೆಂತ ಕಾನೂನು?" ಎಂದು ಕೇಳಿದರು. ಅವರ ಸಿಟ್ಟು ನ್ಯಾಯವೇ. ಯಾರಿಗೆ ನಾಳೆಯ ಚಿಂತೆ ಜಾಸ್ತಿಯೋ ಅವರೇ ಕೂಡಿಡಬಾರದು ಎಂದರೆ ಹೇಗೆ?

ಆದರೆ ದಾರಿ ಇದೆ. 2014ರಲ್ಲಿ ಅಲ್ಲಿ ಅಂಗವಿಕಲರಿಗೆ ಕೂಡಿಡಲು ಅವಕಾಶ ಕೊಡುವ ಏಬಲ್ ಕಾಯ್ದೆ ಬಂತು. ಏಬಲ್ ಖಾತೆ ಮಗನ ಹೆಸರಿನಲ್ಲೇ ಇರುತ್ತದೆ, ಹಣ ಯಾರು ಬೇಕಾದರೂ ಹಾಕಬಹುದು, ಅಜ್ಜಿಯೂ ಹಾಕಬಹುದು. 2025ರಲ್ಲಿ ವರ್ಷದ ಮಿತಿ 19,000 ಡಾಲರ್ ಇತ್ತು. ಖಾತೆಯಲ್ಲಿ ಒಂದು ಲಕ್ಷ ಡಾಲರ್‌ವರೆಗೆ ಇದ್ದರೂ ಎಸ್‌ಎಸ್‌ಐಯವರು ಅದನ್ನು ಹಿಡಿಯುವುದಿಲ್ಲ. ಓದು, ಓಡಾಟ, ಮನೆ ಬಾಡಿಗೆ, ಚಿಕಿತ್ಸೆಗೆಲ್ಲ ತೆಗೆಯಬಹುದು. ತೊಂದರೆ ಹುಟ್ಟಿನಿಂದಲೇ ಇರುವುದರಿಂದ, ಅದು ಯಾವ ವಯಸ್ಸಿನೊಳಗೆ ಶುರುವಾಗಿರಬೇಕು ಎಂಬ ಷರತ್ತೂ ಅವನಿಗೆ ಅಡ್ಡಿಯಲ್ಲ. ಒಂದು ಮಾತ್ರ ನೆನಪಿಡು: ಅವನ ಕಾಲದ ನಂತರ ಉಳಿದ ಹಣವನ್ನು ಮೆಡಿಕೇಡ್ ಖರ್ಚಿಗೆಂದು ರಾಜ್ಯ ಕೇಳಬಹುದು.

ಅದಕ್ಕೇ ದೊಡ್ಡ ಮೊತ್ತಕ್ಕೆ ಸ್ಪೆಷಲ್ ನೀಡ್ಸ್ ಟ್ರಸ್ಟ್ ಒಳ್ಳೆಯದು, ಅಂದರೆ ಅವನಿಗಾಗಿ ಹಣವನ್ನು ಬೇರೊಬ್ಬ ಟ್ರಸ್ಟಿ ನೋಡಿಕೊಳ್ಳುವ ವ್ಯವಸ್ಥೆ. ಅಜ್ಜಿ, ಅಪ್ಪ ತಮ್ಮ ಹಣದಿಂದ ಮಾಡಿದ ಟ್ರಸ್ಟ್ ಆದರೆ ಆ ವಾಪಸಾತಿಯ ಕಾಟ ಇಲ್ಲ. ಟ್ರಸ್ಟಿ ಅವನ ಕೈಗೆ ನಗದು ಕೊಡದೆ ತಾನೇ ನೇರ ಖರ್ಚು ಮಾಡಬೇಕು, ಅಷ್ಟೇ.

ಅಮ್ಮನ ವಿಲ್‌ನಲ್ಲೂ ಮೊಮ್ಮಗನ ಹೆಸರೇ ನೇರವಾಗಿ ಇದೆ. ಅದನ್ನೂ ಬದಲಿಸಬೇಕು. ನೀನು ಅಲ್ಲಿ ಈ ಕೆಲಸ ಬಲ್ಲ ವಕೀಲರನ್ನು ನೋಡು. ಮನೆ, ಹಿತ್ತಲಿನ ವಿಷಯ ಹೇಗೆ ಬರೆಯಬೇಕೆಂದು ನಾನು ಇಲ್ಲಿ ಕೇಳುತ್ತೇನೆ.

ಅಮ್ಮನಿಗೆ ಮೊದಲು ಫೋನ್ ಮಾಡು. ಅವರ ದುಡ್ಡು ಮೊಮ್ಮಗನಿಗೇ ಸೇರುತ್ತದೆ ಎಂದು ನಿನ್ನ ಬಾಯಿಂದ ಕೇಳಿದರೆ ಅವರಿಗೆ ಸಮಾಧಾನ. ಎಫ್‌ಡಿ ಸದ್ಯಕ್ಕೆ ಅವರ ಹೆಸರಿನಲ್ಲೇ ಇರಲಿ, ನಾಮಿನಿ ನೀನಾಗು. ಫಾರ್ಮ್ ನಾನು ತಂದಿಟ್ಟಿದ್ದೇನೆ.

ಇಂತಿ,
ನಿನ್ನ ಗೆಳೆಯ