ಸಿಸೆರೋ ನಾಟಕ ಬರೆದವಳಿಗೆ

ಪ್ರೀತಿಯ ಮಗಳೇ,

ನಿನ್ನ ನಾಟಕ ಓದಿದೆ, ಜೊತೆಗಿದ್ದ ಚೀಟಿಯನ್ನೂ ಓದಿದೆ. ನಾಲ್ಕು ಜನರಿಗೆ ಓದಲು ಕೊಟ್ಟೆ, ಯಾರೂ ಚೆನ್ನಾಗಿದೆ ಅನ್ನಲಿಲ್ಲ, ಇನ್ನು ಬರೆಯುವುದಿಲ್ಲ ಅಂದಿದ್ದೀಯ. ದೃಶ್ಯಗಳ ಜೋಡಣೆ, ಮಾತಿನ ಉದ್ದ ಇವನ್ನೆಲ್ಲ ನೀನೇ ಸರಿಮಾಡಿಕೊಳ್ಳುತ್ತೀಯ, ಬಿಡು. ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಪ್ರಾಚೀನ ರೋಮಿನ ಆ ಹೆಸರಾಂತ ಮಾತುಗಾರ, ನಿನ್ನ ಸಿಸೆರೋ, ಭಾಷಣ ಮಾಡುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ, ಕ್ರಿ.ಪೂ. 43ರಲ್ಲಿ ರಾಜಕೀಯ ವೈರಿ ಆಂಟನಿಯ ಕಡೆಯವರು ಕೊಲ್ಲುತ್ತಾರೆ. ಹೊಗಳಿಕೆಗಾಗಿ ಅವನಿಗಿದ್ದ ಹಸಿವು ಎಲ್ಲಿ ಹೋಯಿತು?

ಕ್ರಿ.ಪೂ. 75ರಲ್ಲಿ ಅವನು ಸಿಸಿಲಿ ದ್ವೀಪದಲ್ಲಿ ಕ್ವೇಸ್ಟರ್, ಅಂದರೆ ಹಣಕಾಸು ನೋಡಿಕೊಳ್ಳುವ ಅಧಿಕಾರಿ, ಆಗಿದ್ದ. ಧಾನ್ಯಕ್ಕೆ ವಿಪರೀತ ಬೆಲೆ ಇದ್ದಾಗ ಅಲ್ಲಿಂದ ರೋಮಿಗೆ ಧಾನ್ಯ ಕಳಿಸಿದ. ಊರೆಲ್ಲ ತನ್ನದೇ ಮಾತಾಡುತ್ತಿದೆ ಅಂದುಕೊಂಡು ವಾಪಸ್ ಬರುವಾಗ ಇಟಲಿಯ ಬಂದರು ಪುಟಿಯೋಲಿಯಲ್ಲಿ ಇಳಿದ. ಶ್ರೀಮಂತರೆಲ್ಲ ಅಲ್ಲಿಗೆ ಬಂದು ಸೇರುವ ಕಾಲ ಅದು. ಒಬ್ಬ ಕೇಳಿದ, ‘ರೋಮಿನಿಂದ ಯಾವಾಗ ಹೊರಟೆ? ಏನಾದರೂ ಸುದ್ದಿ ಇದೆಯಾ?’ ಪ್ರಾಂತ್ಯದಿಂದ ಬರುತ್ತಿದ್ದೇನೆ ಅಂದ ಸಿಸೆರೋ. ‘ಹೌದಲ್ವಾ, ಆಫ್ರಿಕಾದಿಂದ!’ ಅಲ್ಲ, ಸಿಸಿಲಿಯಿಂದ ಅಂತ ಮುಖ ಗಂಟಿಕ್ಕಿದ. ಅಷ್ಟರಲ್ಲಿ ಎಲ್ಲ ಬಲ್ಲವನಂತೆ ಇನ್ನೊಬ್ಬ ಬಾಯಿ ಹಾಕಿದ, ‘ಗೊತ್ತಿಲ್ವಾ, ಇವನು ಸಿರಾಕ್ಯೂಸಿನಲ್ಲಿ ಇದ್ದವನು.’ ಅದೂ ತಪ್ಪು, ಅವನಿದ್ದದ್ದು ದ್ವೀಪದ ಇನ್ನೊಂದು ತುದಿಯ ಲಿಲಿಬೇಯಂನಲ್ಲಿ. ಇದನ್ನು ಸಿಸೆರೋನೇ ಎಷ್ಟೋ ವರ್ಷದ ಮೇಲೆ ತುಂಬಿದ ನ್ಯಾಯಾಲಯದಲ್ಲಿ ಹೇಳಿದ. ಇಂಥ ದೃಶ್ಯ ಕೈಯಲ್ಲಿಟ್ಟುಕೊಂಡು ನೀನು ಚಪ್ಪಾಳೆ ಬರೆದಿದ್ದೀಯಲ್ಲಮ್ಮ!

ಅಷ್ಟಾದರೂ ಹಸಿವು ಹೋಗಲಿಲ್ಲ. ರೋಮಿನ ಅತಿ ದೊಡ್ಡ ಹುದ್ದೆಯಲ್ಲಿ, ಕಾನ್ಸುಲ್ ಆಗಿ, ತಾನಿದ್ದ ಕ್ರಿ.ಪೂ. 63ರ ಬಗ್ಗೆ ತಾನೇ ಪದ್ಯ ಬರೆದುಕೊಂಡ. ತನ್ನ ಕಾಲದಲ್ಲಿ ಹುಟ್ಟಿದ ರೋಮ್ ಪುಣ್ಯವಂತೆ ಅನ್ನುವ ಅದರ ಒಂದು ಸಾಲನ್ನು ನೂರು ವರ್ಷ ದಾಟಿದ ಮೇಲೂ ವಿಡಂಬನೆಯ ಕವಿ ಜುವೆನಾಲ್ ಎತ್ತಿ ಆಡಿಕೊಂಡ. ಲುಕ್ಕೇಯಸ್ ಎಂಬ ಇತಿಹಾಸಕಾರನಿಗೆ ಕಾಗದ ಬರೆದು, ನನ್ನ ಕಥೆ ಬರೆ, ಸತ್ಯಕ್ಕಿಂತ ಸ್ವಲ್ಪ ಜಾಸ್ತಿಯೇ ಹೊಗಳು ಎಂದು ಬೇಡಿದ. ಇಷ್ಟು ದೊಡ್ಡ ಮಾತುಗಾರ!

ಕ್ರಿ.ಪೂ. 45ರಲ್ಲಿ ಮಗಳು ಟುಲ್ಲಿಯಾ ತೀರಿಕೊಂಡಳು. ಆಸ್ಟುರಾದ ಮನೆಯಿಂದ ಗೆಳೆಯ ಆಟಿಕಸ್‌ಗೆ ಬರೆದ, ಬೆಳಿಗ್ಗೆ ಮುಳ್ಳು ತುಂಬಿದ ದಟ್ಟ ಕಾಡು ಹೊಕ್ಕರೆ ಸಂಜೆವರೆಗೂ ಹೊರಗೆ ಬರುವುದಿಲ್ಲ, ಮಾತೆಲ್ಲ ಪುಸ್ತಕಗಳ ಜೊತೆ, ನಡುವೆ ಅಳು ಬರುತ್ತದೆ ಅಂತ. ಇಲ್ಲಿ ಮೆಚ್ಚಿಸಬೇಕಾದವರು ಯಾರೂ ಇರಲಿಲ್ಲ. ಅವನ ಎಲ್ಲ ಭಾಷಣಕ್ಕಿಂತ ಈ ನಾಲ್ಕು ಸಾಲು ನನಗೆ ಹತ್ತಿರ. 1345ರಲ್ಲಿ ವೆರೋನಾದಲ್ಲಿ ಈ ಪತ್ರಗಳನ್ನು ಕಂಡ ಇಟಲಿಯ ಕವಿ ಪೆಟ್ರಾರ್ಕ್, ತಾನು ಪೂಜಿಸಿದ್ದ ಮನುಷ್ಯ ಹೀಗಾ ಎಂದು ನೊಂದುಕೊಂಡು, ಸತ್ತ ಸಿಸೆರೋಗೇ ಪತ್ರ ಬರೆದ. ನನಗೆ ಆ ನೋವು ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ನನ್ನ ಮೊದಲ ಸಂಕಲನದ ಬಿಡುಗಡೆಯಲ್ಲಿ ಒಬ್ಬ ಹೆಸರಾಂತ ವಿಮರ್ಶಕರು ಅರ್ಧ ಗಂಟೆ ಹೊಗಳಿದರು. ಅವರು ಉದಾಹರಿಸಿದ ಕವಿತೆ ಆ ಪುಸ್ತಕದಲ್ಲೇ ಇರಲಿಲ್ಲ. ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೆ ಹೇಳ್ತೀನಿ, ಓದಿ ಸುಮ್ನಿದ್ದವರ ಮೇಲೆ ಬೇಜಾರು ಮಾಡ್ಕೋಬೇಡ. ಅವರು ಓದಿದ್ದಾರಲ್ವಾ.

ಕೊಲೆ ಆರೋಪ ಹೊತ್ತ ಮಿಲೋ ಪರವಾಗಿ ಸಿಸೆರೋ ವಾದಿಸುವ ವಿಚಾರಣೆಯ ದೃಶ್ಯ ಮಾತ್ರ ಮುಟ್ಟಬೇಡ. ಸುತ್ತ ಸೇನಾಪತಿ ಪಾಂಪೆಯ ಸೈನಿಕರು, ಎಂದಿನ ಗಟ್ಟಿತನವಿಲ್ಲದೆ ತಡವರಿಸುವ ಸಿಸೆರೋ. ಅಲ್ಲಿ ನೀನು ಯಾರ ಮುಖವನ್ನೂ ನೋಡದೆ ಬರೆದಿದ್ದೀಯ. ಉಳಿದದ್ದನ್ನು ಮೊದಲಿಂದ ಬರೆದು ಯುಗಾದಿಯೊಳಗೆ ಕಳಿಸು.