ದಸರಾ ಜಂಬೂಸವಾರಿ ಪ್ರವಾಸದ ಬಗ್ಗೆ ಪೋಷಕರಿಗೆ ಪತ್ರ

ಎಂಟು, ಒಂಬತ್ತು ಮತ್ತು ಹತ್ತನೇ ತರಗತಿ ಮಕ್ಕಳ ಪೋಷಕರಿಗೆ,

ನಮಸ್ಕಾರ.

"ಮೇಡಂ, ಈ ಸಲ ಮಕ್ಕಳನ್ನ ಜಂಬೂಸವಾರಿಗೆ ಕರ್ಕೊಂಡು ಹೋಗ್ತೀರಂತೆ, ಹೌದಾ?" ಎಂದು ಒಂದು ವಾರದಿಂದ ಗೇಟಿನ ಹತ್ತಿರ ಸಿಕ್ಕವರೆಲ್ಲ ಕೇಳುತ್ತಿದ್ದೀರಿ. ಹೌದು, ಹೋಗುವ ಯೋಚನೆ ಇದೆ. ಆದರೆ ಮಕ್ಕಳು ಮನೆಗೆ ಬಂದು ಹೇಳಿರುವುದರಲ್ಲಿ ಅರ್ಧ ಮಾತ್ರ ನಿಜ. ಯಾರನ್ನೂ ಆನೆ ಮೇಲೆ ಕೂರಿಸುವುದಿಲ್ಲ. ಮೂರು ದಿನ ಮೈಸೂರಿನಲ್ಲೇ ಇರುವುದೂ ಇಲ್ಲ. ಎರಡು ರಾತ್ರಿ, ಅಷ್ಟೇ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಟಿವಿಯಲ್ಲಿ ನೋಡುವ ಜಂಬೂಸವಾರಿ ಬೇರೆ, ಅಲ್ಲಿ ಹೋಗಿ ನೋಡುವ ಜಂಬೂಸವಾರಿ ಬೇರೆ. ಚಂದನ ವಾಹಿನಿಯಲ್ಲಿ ಕ್ಯಾಮೆರಾ ಒಂದರ ಹಿಂದೆ ಒಂದು ಎಲ್ಲವನ್ನೂ ತೋರಿಸುತ್ತದೆ. ಅಲ್ಲಿ ಹೋದರೆ ಕಾಯಬೇಕು. ಮಧ್ಯಾಹ್ನ ಅರಮನೆಯ ಬಲರಾಮ ದ್ವಾರದಲ್ಲಿ ಮುಖ್ಯಮಂತ್ರಿಗಳು ನಂದಿಧ್ವಜಕ್ಕೆ ಪೂಜೆ ಮಾಡುತ್ತಾರೆ. ಆಮೇಲೆ ಬಾವುಟ ಹೊತ್ತ ನಿಶಾನೆ ಆನೆ, ನಗಾರಿ ಹೊತ್ತ ನೌಫತ್ ಆನೆ, ಡೊಳ್ಳು, ವೀರಗಾಸೆ, ಕಂಸಾಳೆ, ಪಟ ಕುಣಿತ, ಜಿಲ್ಲೆಗೊಂದರಂತೆ ಸ್ತಬ್ಧಚಿತ್ರ, ಪೊಲೀಸ್ ಬ್ಯಾಂಡ್, ಕುದುರೆಗಳು, ಹೀಗೆ ಸಾಲು ಸಾಲಾಗಿ ಹೊರಡುತ್ತವೆ. ಎಲ್ಲರೂ ಕಾಯುವ ಅಂಬಾರಿ ಆನೆ ಬರುವುದು ಇವೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಸಂಜೆಯಾಗಿರುತ್ತದೆ. ಜಾಗ ಸಿಗಬೇಕೆಂದರೆ ಬೆಳಿಗ್ಗೆಯೇ ಹೋಗಿ ಕೂತಿರಬೇಕು. ಲೆಕ್ಕ ಹಾಕಿ, ಆರೇಳು ಗಂಟೆ ಆಯಿತಲ್ಲ?

2014ರಲ್ಲಿ ನಾನು ಬೇರೊಂದು ಶಾಲೆಯಲ್ಲಿ ಸಹಶಿಕ್ಷಕಿ. ಐದನೇ ತರಗತಿ ಮಕ್ಕಳನ್ನು ಜಂಬೂಸವಾರಿಗೆ ಕರೆದುಕೊಂಡು ಹೋಗಿದ್ದೆವು. ಟಿಕೆಟ್ ಇಲ್ಲ, ಏನೂ ಇಲ್ಲ. ಸಯ್ಯಾಜಿರಾವ್ ರಸ್ತೆಯ ಪಕ್ಕದಲ್ಲಿ ಬೆಳಿಗ್ಗೆಯೇ ಬೆಡ್‌ಶೀಟ್ ಹಾಸಿ ಕೂತೆವು. ಬಿಸಿಲು ನೆತ್ತಿಗೆ ಬಂತು, ನೀರು ಖಾಲಿಯಾಯಿತು. ಹಿಂದಿನವರು ತಳ್ಳಿ ತಳ್ಳಿ ಬೆಡ್‌ಶೀಟ್ ಅರ್ಧಕ್ಕೆ ಬಂತು. ಸ್ತಬ್ಧಚಿತ್ರಗಳು ಹೋಗುವಾಗ ಚಪ್ಪಾಳೆ ತಟ್ಟಿ ತಟ್ಟಿ ಸುಸ್ತಾದ ಒಬ್ಬಳು ಹುಡುಗಿ ನನ್ನ ತೊಡೆಯ ಮೇಲೇ ಮಲಗಿಬಿಟ್ಟಳು. ಜನ ಒಮ್ಮೆಲೇ "ಬಂತು ಬಂತು" ಎಂದು ಎದ್ದು ನಿಂತಾಗ ಅವಳನ್ನು ಎಬ್ಬಿಸಿ, ಎತ್ತಿ ಹಿಡಿಯುವಷ್ಟರಲ್ಲಿ ಅಂಬಾರಿ ನಮ್ಮನ್ನು ದಾಟಿತ್ತು. ಆ ವರ್ಷ ಅಂಬಾರಿ ಹೊತ್ತವನು ಅರ್ಜುನ. 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ತೀರಿಕೊಂಡಾಗ ಅದೇ ಹುಡುಗಿ ನನಗೆ ಫೋನ್ ಮಾಡಿದ್ದಳು. ಈಗ ಕಾಲೇಜಿನಲ್ಲಿದ್ದಾಳೆ. "ಮಿಸ್, ನಾನು ಅವನ ಬಾಲ ಮಾತ್ರ ನೋಡಿದ್ದು" ಅಂದಳು.

ಹಾಗಾಗಿ ಈ ಸಲ ಎಂಟನೇ ತರಗತಿಗಿಂತ ಚಿಕ್ಕ ಮಕ್ಕಳು ಬೇಡ. ತಮ್ಮ, ತಂಗಿಯನ್ನೂ ಜೊತೆಗೆ ಕಳಿಸುತ್ತೇವೆ ಎಂದು ಕೆಲವರು ಕೇಳಿದ್ದೀರಿ. ದಯವಿಟ್ಟು ಒತ್ತಾಯ ಮಾಡಬೇಡಿ. ಇನ್ನೊಂದು ತೀರ್ಮಾನವೂ ಆಗಿದೆ. ಕೂರಲು ಸೀಟಿನ ಟಿಕೆಟ್ ಸಿಕ್ಕರೆ ಮಾತ್ರ ವಿಜಯದಶಮಿಯ ದಿನ ಹೋಗುತ್ತೇವೆ. ಮಕ್ಕಳನ್ನು ರಸ್ತೆ ಬದಿಯಲ್ಲಿ ನಿಲ್ಲಿಸುವುದಿಲ್ಲ. ಅರಮನೆ ಆವರಣದ ಸೀಟುಗಳಿಗೆ ಹಬ್ಬ ಹತ್ತಿರ ಬಂದಾಗ ಆನ್‌ಲೈನ್‌ನಲ್ಲಿ ಟಿಕೆಟ್ ಬಿಡುತ್ತಾರೆ. ಬಿಟ್ಟ ಸ್ವಲ್ಪ ಹೊತ್ತಿಗೇ ಖಾಲಿಯಾಗುತ್ತವೆ. ನಮ್ಮ ಕಂಪ್ಯೂಟರ್ ಮೇಷ್ಟ್ರು ಆ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. "ನಮ್ಮ ಕಡೆಯವರೊಬ್ಬರು ಪಾಸ್ ಕೊಡಿಸುತ್ತಾರೆ" ಎಂದು ಮೂವರು ಪೋಷಕರು ಹೇಳಿದ್ದೀರಿ. ನಿಮ್ಮ ಪ್ರೀತಿಗೆ ಋಣಿ. ಆದರೆ ಹೆಸರಿಲ್ಲದ ಪಾಸ್ ನಂಬಿಕೊಂಡು ನಲವತ್ತು ಮಕ್ಕಳನ್ನು ಬಸ್ ಹತ್ತಿಸಲು ನನಗೆ ಧೈರ್ಯವಿಲ್ಲ.

ಅರಮನೆ ಆವರಣವೇ ಯಾಕೆ ಎಂದರೆ, ಅಲ್ಲಿ ಅಂಬಾರಿ ನಿಲ್ಲುತ್ತದೆ. ರಸ್ತೆಯಲ್ಲಿ ಅದು ನಿಮ್ಮ ಮುಂದೆ ಸಾಗಿ ಹೋಗುತ್ತದೆ, ಅಷ್ಟೇ. ಆವರಣದಲ್ಲಿ ಆನೆ ನಿಂತ ಮೇಲೆ ಅಂಬಾರಿಯಲ್ಲಿರುವ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ನಡೆಯುತ್ತದೆ, ಪೊಲೀಸ್ ಬ್ಯಾಂಡ್ ರಾಷ್ಟ್ರಗೀತೆ ನುಡಿಸುತ್ತದೆ, 21 ಕುಶಾಲತೋಪು ಸಿಡಿಯುತ್ತವೆ. ತೋಪಿನ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಟಿವಿಯಲ್ಲಿ ಸಿಗದೇ ಇರುವುದು ಇದೇ. ಆನೆ ಮಾತ್ರ ಕಿವಿ ಬೀಸುತ್ತಾ ನಿಂತಿರುತ್ತದೆ. ಬೆನ್ನ ಮೇಲೆ 750 ಕೆಜಿ ಅಂಬಾರಿ, ಸುತ್ತ ಲಕ್ಷಾಂತರ ಜನ, ಪಕ್ಕದಲ್ಲೇ ತೋಪು. ಅದು ಬೆದರದೇ ಇರಲು ವಾರಗಟ್ಟಲೆ ತಾಲೀಮು ನಡೆದಿರುತ್ತದೆ.

ಟಿಕೆಟ್ ಸಿಗದಿದ್ದರೆ ಏನು ಎಂದು ಕೇಳುವವರಿಗೆ ಆ ತಾಲೀಮೇ ನನ್ನ ಉತ್ತರ. ನಾಗರಹೊಳೆ ಅಂಚಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಅರಮನೆ ಸೇರಿದ ಮೇಲೆ, ಆನೆಗಳು ಬೆಳಿಗ್ಗೆ ಸಂಜೆ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯುತ್ತವೆ. ಸುಮಾರು ಐದು ಕಿಲೋಮೀಟರ್. ಮೊದಲು ಬರಿಮೈಯಲ್ಲಿ, ಆಮೇಲೆ ಬೆನ್ನಿಗೆ ಗಾದಿ, ನಮ್ದಾ ಎಂಬ ಮೆತ್ತೆಗಳನ್ನು ಕಟ್ಟಿ ಮರಳಿನ ಮೂಟೆ ಹೊರಿಸಿ, ಕೊನೆಗೆ ಮರದ ಅಂಬಾರಿ ಹೊರಿಸಿ. ತೋಪಿನ ಸದ್ದಿಗೂ ಅಭ್ಯಾಸ ಮಾಡಿಸುತ್ತಾರೆ. ಟಿಕೆಟ್ ಬೇಡ, ನೂಕುನುಗ್ಗಲು ಇಲ್ಲ. 2020ರಿಂದ ಚಿನ್ನದ ಅಂಬಾರಿ ಹೊರುತ್ತಾ ಬಂದಿರುವ ಅಭಿಮನ್ಯುವನ್ನು ವಿಜಯದಶಮಿಯ ದಿನಕ್ಕಿಂತ ತುಂಬಾ ಹತ್ತಿರದಿಂದ ನೋಡಬಹುದು. ನನ್ನನ್ನು ಕೇಳಿದರೆ, ಮಾವುತ ಕಿವಿಯ ಹಿಂದೆ ಕಾಲ್ಬೆರಳಿನಿಂದ ಒತ್ತಿದಾಗ ಅಷ್ಟು ದೊಡ್ಡ ಪ್ರಾಣಿ ತಿರುಗುವುದನ್ನು ನೋಡಲು ತಾಲೀಮೇ ವಾಸಿ. ಟಿಕೆಟ್ ಕೈಗೆ ಸಿಗದಿದ್ದರೆ ಹಬ್ಬಕ್ಕೆ ಮೊದಲು ಒಂದು ಶನಿವಾರ ಹೊರಟು ಭಾನುವಾರ ಬೆಳಗಿನ ತಾಲೀಮು ನೋಡಿಕೊಂಡು ಬರುತ್ತೇವೆ. ಮಕ್ಕಳಿಗೆ ಮುಖ ಸಪ್ಪಗಾಗಬಹುದು, ಈಗಲೇ ಒಂದು ಮಾತು ಹೇಳಿಟ್ಟಿರಿ.

ಟಿಕೆಟ್ ಸಿಕ್ಕರೆ ಹೊರಡುವುದು ಆಯುಧಪೂಜೆಯ ದಿನ ಮಧ್ಯಾಹ್ನ. ಬೆಳಿಗ್ಗೆ ಮನೆಯಲ್ಲಿ ಪೂಜೆ ಮುಗಿಸಿ, ಊಟ ಮಾಡಿಸಿ ಕಳಿಸಿ. ನಮ್ಮದು ಸಾರಿಗೆ ಸಂಸ್ಥೆಯ ಬಸ್. ಅದಕ್ಕೂ ಡಿಪೋದಲ್ಲಿ ಪೂಜೆಯಾಗಿ, ಬಾಳೆಕಂದು ಕಟ್ಟಿಸಿಕೊಂಡು ಬರಬೇಕಲ್ಲ, ಅರ್ಧ ಗಂಟೆ ತಡವಾದರೆ ಬೇಸರಿಸಬೇಡಿ. ರಾತ್ರಿ ಮೈಸೂರು ಸೇರಿದ ತಕ್ಷಣ ದೀಪ ಹಚ್ಚಿದ ಅರಮನೆಯನ್ನು ಹೊರಗಿನಿಂದ ನೋಡಿ, ಪರಿಚಯದ ಶಾಲೆಯೊಂದರಲ್ಲಿ ಮಲಗುತ್ತೇವೆ. ಸುಮಾರು ಒಂದು ಲಕ್ಷ ಬಲ್ಬು. ಅವು ಒಟ್ಟಿಗೆ ಹೊತ್ತಿಕೊಳ್ಳುವ ಗಳಿಗೆಗೆ ನಾವು ತಲುಪುವುದು ಕಷ್ಟ, ಆರುವುದನ್ನಾದರೂ ನೋಡೋಣ. ಮರುದಿನ ಜಂಬೂಸವಾರಿ. ಅದಾದ ಮೇಲೆ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತಿಗೆ ಹೋಗುವುದಿಲ್ಲ. ಅದಕ್ಕೆ ಬೇರೆ ಟಿಕೆಟ್ ಬೇಕು, ಅಷ್ಟು ದೂರ ಆ ಜನದ ನಡುವೆ ಹೋಗಬೇಕು, ಮಕ್ಕಳ ಕಾಲಲ್ಲಿ ಅಷ್ಟು ಹೊತ್ತಿಗೆ ಶಕ್ತಿ ಇರುವುದಿಲ್ಲ. ರಾತ್ರಿ ಪ್ರಯಾಣವೂ ಬೇಡ. ಮಾರನೇ ದಿನ ಬೆಳಿಗ್ಗೆ ಹೊರಟು ಬರುತ್ತೇವೆ. ವಿಜಯದಶಮಿ ಸಂಜೆ ಮಕ್ಕಳು ಹಿರಿಯರಿಗೆ ಬನ್ನಿ ಕೊಡಲು ಊರಲ್ಲಿ ಇರುವುದಿಲ್ಲ ಎಂದು ಒಬ್ಬರು ಅಜ್ಜಿ ಶಾಲೆಗೇ ಬಂದು ಬೇಜಾರು ಮಾಡಿಕೊಂಡರು. ಅವರ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಒಂದು ದಿನ ತಡವಾಗಿ ಕೊಟ್ಟ ಬನ್ನಿಯನ್ನೂ ತೆಗೆದುಕೊಳ್ಳಿ ಎಂದು ಕೈ ಮುಗಿದೆ.

ಈಗ ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಇಂಥ ದಿನ ದೊಡ್ಡ ಕಷ್ಟ ಶೌಚಾಲಯದ್ದು. ಸಾಲು ಉದ್ದ ಇರುತ್ತದೆ. ಅದಕ್ಕೆ ಹೆದರಿ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಬಿಸಿಲಲ್ಲಿ ತಲೆ ಸುತ್ತಿ ಬೀಳುತ್ತಾರೆ. ನಾನೂ ಸೇರಿ ಮೂವರು ಶಿಕ್ಷಕಿಯರು ಬರುತ್ತಿದ್ದೇವೆ. ಗಂಟೆಗೊಮ್ಮೆ ನಾಲ್ಕು ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಯಾರೂ ನಾಚಿಕೆಯಿಂದ ತಡೆದುಕೊಳ್ಳುವುದು ಬೇಡ ಎಂದು ಮನೆಯಲ್ಲಿ ಹೇಳಿ. ಮುಟ್ಟಿನ ದಿನವಾದರೆ ಪ್ಯಾಡ್ ನಮ್ಮ ಹತ್ತಿರವೂ ಇರುತ್ತದೆ. ಆ ಕಾರಣಕ್ಕೆ ಯಾವ ಹುಡುಗಿಯೂ ಮನೆಯಲ್ಲಿ ಉಳಿಯುವುದು ಬೇಡ.

ಮೊಬೈಲ್ ತರುವಂತಿಲ್ಲ. ಅಷ್ಟು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಹೇಗೂ ಸಿಗುವುದಿಲ್ಲ, ಫೋನ್ ಇದೆ ಎಂಬ ಧೈರ್ಯಕ್ಕೇ ಮಕ್ಕಳು ಗುಂಪು ಬಿಟ್ಟು ಹೋಗುತ್ತಾರೆ. 2014ರಲ್ಲಿ ಒಬ್ಬ ಹುಡುಗ ನಲವತ್ತು ನಿಮಿಷ ಕಾಣೆಯಾಗಿದ್ದ. ನಾವು ಅತ್ತು ಕರೆದು ಹುಡುಕಿದರೆ, ಅವನು ಬ್ಯಾರಿಕೇಡ್ ಹತ್ತಿರ ಪೊಲೀಸರ ಪಕ್ಕ ಕೂತು ಅವರೇ ಕೊಡಿಸಿದ ಚುರುಮುರಿ ತಿನ್ನುತ್ತಿದ್ದ. ಅವನಿಗೆ ಶಾಲೆಯ ಹೆಸರು ಗೊತ್ತಿತ್ತು, ಯಾರ ನಂಬರೂ ಗೊತ್ತಿರಲಿಲ್ಲ. ಅದಕ್ಕೇ ಈ ಸಲ ಪ್ರತಿ ಮಗುವಿನ ಜೇಬಿನಲ್ಲಿ ಒಂದು ಚೀಟಿ. ನಿಮ್ಮ ಒಂದು ನಂಬರ್, ನಮ್ಮ ಎರಡು ನಂಬರ್, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಳಜೇಬಿಗೆ ಪಿನ್ ಮಾಡಿ ಕಳಿಸಿ. ಚೂಡಿದಾರಕ್ಕೆ ಜೇಬಿಲ್ಲ ಅನ್ನಬೇಡಿ, ಒಂದು ಹೊಲಿಸಿ. ದಾರಿ ತಪ್ಪಿದರೆ ನಮ್ಮನ್ನು ಹುಡುಕುತ್ತಾ ಅಲೆಯಬಾರದು. ಹತ್ತಿರದ ಪೊಲೀಸರ ಬಳಿ ಹೋಗಿ ನಿಲ್ಲಬೇಕು. ಇದನ್ನು ಶಾಲೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಸುತ್ತೇವೆ.

ಕೊಡೆ ಬೇಡ, ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಟೋಪಿ ಇರಲಿ. ಸಂಜೆ ಮಳೆ ಬಂದರೂ ಬರಬಹುದು, ತೆಳು ರೈನ್‌ಕೋಟ್ ಕೊಡಿ. ಹಳೇ ಚಪ್ಪಲಿ, ಅದರಲ್ಲೂ ಬಾರು ಗಟ್ಟಿಯಿರುವುದು. ಚಿನ್ನದ ಓಲೆ, ಸರ ಹಾಕಿ ಕಳಿಸಬೇಡಿ, ಹಬ್ಬ ಅಂತ ಮನಸ್ಸು ತಡೆಯುವುದಿಲ್ಲ, ಗೊತ್ತು. ಮಧ್ಯಾಹ್ನಕ್ಕೆ ಚಪಾತಿ ಪಲ್ಯ ನಾವೇ ಮಾಡಿಸುತ್ತೇವೆ. ಪೀಪಿ, ವಿಶಲ್ ಕೊಳ್ಳಲು ದುಡ್ಡು ಕೊಡಬೇಡಿ. ಆನೆ ಹತ್ತಿರ ಊದುವುದು ತಪ್ಪು.

ಅಂಬಾರಿ ದಾಟಿದ ಕೂಡಲೇ ಜನವೆಲ್ಲ ಅದರ ಹಿಂದೆ ನುಗ್ಗುತ್ತಾರೆ. ಇಡೀ ದಿನದಲ್ಲಿ ನನಗೆ ಭಯವಿರುವುದು ಆ ಅರ್ಧ ಗಂಟೆಯದ್ದು. ನಾವು ಆಗ ಏಳುವುದೇ ಇಲ್ಲ. ಗಂಟೆ ಹೊತ್ತು ಕೂತಲ್ಲೇ ಕೂತು, ಚಕ್ಕುಲಿ ತಿಂದು, ಜಾಗ ಖಾಲಿಯಾದ ಮೇಲೆ ಹೊರಡುತ್ತೇವೆ. ಅರಮನೆ ಸುತ್ತ ಅವತ್ತು ವಾಹನ ಬಿಡುವುದಿಲ್ಲ, ಬಸ್ಸಿನವರೆಗೆ ಕೈ ಕೈ ಹಿಡಿದು ನಡೆಯಬೇಕು. ಆದ್ದರಿಂದ ಸಂಜೆ ನಮ್ಮಿಂದ ಫೋನ್ ಬರುವುದು ತಡವಾಗುತ್ತದೆ. ರಾತ್ರಿ ಒಂಬತ್ತರವರೆಗೆ ಗಾಬರಿಯಾಗಬೇಡಿ. ಎಲ್ಲರೂ ಬಸ್ ಹತ್ತಿದ ಮೇಲೆ ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕುತ್ತೇವೆ.

ಖರ್ಚು ಎಷ್ಟು ಎಂದು ಈಗ ಹೇಳಲಾರೆ. ಟಿಕೆಟ್ ದರ ತಿಳಿದ ಮೇಲೆ ಬಸ್, ಊಟ ಸೇರಿಸಿ ಲೆಕ್ಕ ಕೊಡುತ್ತೇನೆ. ಇಲಾಖೆಯ ಅನುಮತಿಗೆ ಅರ್ಜಿ ಹಾಕಿದ್ದೇವೆ, ಅದು ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಹಣದ ತೊಂದರೆ ಇರುವವರು ನನ್ನೊಬ್ಬಳಿಗೆ ಹೇಳಿದರೆ ಸಾಕು, ಮಗುವಿನ ಕೈಲಿ ಹೇಳಿಸಬೇಡಿ. ಕಳಿಸಲು ಇಷ್ಟವಿಲ್ಲದವರು ಕಾರಣ ಹೇಳಬೇಕಾಗಿಯೂ ಇಲ್ಲ. ದಸರಾ ರಜೆಯಲ್ಲಿ ಅಜ್ಜಿ ಮನೆಗೆ ಹೋಗುವುದೂ ಒಳ್ಳೆಯದೇ.

ಕೆಳಗಿನ ಚೀಟಿ ಹರಿದು, ಮಗುವಿಗೆ ಆಸ್ತಮಾ, ಫಿಟ್ಸ್ ಅಥವಾ ದೊಡ್ಡ ಸದ್ದಿನ ಭಯ ಏನಾದರೂ ಇದ್ದರೆ ಬರೆದು, ಸಹಿ ಹಾಕಿ ಈ ಶನಿವಾರದೊಳಗೆ ತರಗತಿ ಶಿಕ್ಷಕರಿಗೆ ಕೊಡಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಸಹಿ ಸಾಕು. ಮಕ್ಕಳೇ ಹಾಕಿದ ಸಹಿ ನನಗೆ ಗೊತ್ತಾಗುತ್ತದೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ